ಉಡಿಗೆ ಹಾಕಿದ ಮಗ

ನೋಟಿಸು ಫೋನಿಗೆ ಬಂತು. ಕಾಜಲ ಗೋಡೆಗೆ ಒರಗಿ ಕೂಸಿಗೆ ಹಾಲು ಕುಡಿಸುತ್ತ ತೂಕಡಿಸುತ್ತಿದ್ದಳು. ಕಂಪನಿಯ ಹೆಸರು, ಮೊಹರಿನ ಸಿಕ್ಕಾ, ಕೆಳಗೆ ಮರಾಠಿಯಲ್ಲಿ ಎರಡು ಪುಟ. ಕೂಸು ಮೊಲೆ ಬಿಡುವಷ್ಟರಲ್ಲಿ ಓದಿ ಮುಗಿಸಿದಳು. ಮತ್ತೊಮ್ಮೆ ಓದಿದಳು. ಮೊದಲ ಸಲ ತಿಳಿಯಲಿಲ್ಲ ಅಂತಲ್ಲ. ತಿಳಿದದ್ದು ಸರಿಯೇ ಅಂತ ನೋಡಬೇಕಿತ್ತು.

ಹೆರಿಗೆ ರಜೆಯ ಅರ್ಜಿಯಲ್ಲಿ ನೀವು ಬದುಕಿರುವ ಮಕ್ಕಳು ಒಂದು ಎಂದು ಬರೆದಿದ್ದೀರಿ. ನಿಮಗೆ ಆಗಲೇ ಎರಡು ಮಕ್ಕಳಿದ್ದರು ಎಂದು ಕಂಪನಿಗೆ ತಿಳಿದುಬಂದಿದೆ. ಎರಡು ಮಕ್ಕಳಿದ್ದವರಿಗೆ ಕಾಯ್ದೆಯ ಪ್ರಕಾರ ಆರು ತಿಂಗಳ ರಜೆ ಇಲ್ಲ, ಮೂರು ತಿಂಗಳಷ್ಟೆ. ಅದು ಮುಗಿದ ಮೇಲೆ ನೀವು ಪರವಾನಗಿ ಇಲ್ಲದೆ ಗೈರುಹಾಜರಿ. ಸುಳ್ಳು ಮಾಹಿತಿ ಕೊಟ್ಟದ್ದು ದುರ್ವರ್ತನೆ. ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಸೋಮವಾರದ ವಿಚಾರಣೆಗೆ ಬಂದು ಹೇಳಬೇಕು. ಬರದಿದ್ದರೆ ಏಕಪಕ್ಷೀಯ ನಿರ್ಣಯ.

ಕೂಸಿಗೆ ನಾಲ್ಕು ತಿಂಗಳು ತುಂಬಿತ್ತು. ಕಾಜಲ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಅದು ತೇಗಿ, ಸ್ವಲ್ಪ ಹಾಲು ಕಕ್ಕಿ, ಮಲಗಿತು. ಅವಳಿಗೂ ಮಲಗಬೇಕಿತ್ತು.

ಅರ್ಜಿ ತುಂಬುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಮಗಳು ಪ್ರಾಜಕ್ತಾ ಒಬ್ಬಳು, ಅದಕ್ಕೆ ಒಂದು. ಅಮೋಗಿಯನ್ನು ಎಣಿಸುವ ರೂಢಿ ತಪ್ಪಿ ಆರು ವರ್ಷವಾಗಿತ್ತು.

ಮಹಾರಾಷ್ಟ್ರದ ಗಡಿಯೊಳಗೆ, ಅಕ್ಕಲಕೋಟದ ಕಡೆಯ ತಡವಳದ ಊರಂಚಿನಲ್ಲಿ ಒಂದೇ ಅಂಗಳಕ್ಕೆ ಎದುರುಬದುರು ಎರಡು ಮನೆಗಳು. ಒಂದರಲ್ಲಿ ಕಾಜಲಳ ಭಾವ ರೇವಣ್ಣ ಮತ್ತು ಅವನ ಹೆಂಡತಿ ದ್ರೌಪದಿ. ಇನ್ನೊಂದರಲ್ಲಿ ಕಾಜಲ, ಗಂಡ ಆಕಾಶ, ಅತ್ತೆ ಸುಗಲಾಬಾಯಿ. ರೇವಣ್ಣ ಕುರಿ ಹೊಡೆದುಕೊಂಡು ಭೀಮಾ ದಂಡೆಯ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆಕಾಶನಿಗೆ ಕುರಿ ಬೇಡವಾಗಿ ಟೆಂಪೊ ಹಿಡಿದಿದ್ದ. ಮದುವೆಯಾಗಿ ಹತ್ತು ವರ್ಷವಾದರೂ ದ್ರೌಪದಿಗೆ ಮಕ್ಕಳಾಗಲಿಲ್ಲ. ಕಾಜಲ ಮೊದಲು ಹೆಣ್ಣು ಹೆತ್ತಳು, ಆಮೇಲೆ ಗಂಡು, ಅಮೋಗಸಿದ್ಧ; ಕರೆಯುವುದು ಅಮೋಗಿ ಎಂದು. ಗಂಡು ಅಂಬೆಗಾಲಿಕ್ಕುವ ಹೊತ್ತಿಗೆ ಸುಗಲಾಬಾಯಿ ಒಂದು ದಿನ ರೊಟ್ಟಿ ಬಡಿಯುತ್ತ, ಇವನನ್ನು ಹಿರಿಯಳ ಉಡಿಗೆ ಹಾಕೋಣ, ಏನಂತೀ ಎಂದು ಕೇಳಿದಳು. ಕೇಳಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ನೀವು ಹೆಂಗಂತೀರಿ ಹಂಗ ಎಂದು ಕಾಜಲ ಹೇಳಿದಳು. ಆಗ ಅವಳಿಗೆ ಇಪ್ಪತ್ತೆರಡು.

ಭಾನುವಾರ ಬಿರೋಬನ, ಮನೆದೇವರು ಬಿರಪ್ಪನ, ಗುಡಿಗೆ ಹೋದರು. ದ್ರೌಪದಿ ದೇವರ ಮುಂದೆ ಕೂತು ಸೀರೆಯ ಉಡಿ ಚಾಚಿದಳು. ಕಾಜಲ ಕೂಸನ್ನು ಅದರಲ್ಲಿಟ್ಟಳು. ಪೂಜಾರಿ ಎಲ್ಲರ ಮೇಲೂ ಭಂಡಾರ ಎರಚಿದ. ಕೂಸು ಅರಿಷಿಣ ಕಣ್ಣಿಗೆ ಬಿದ್ದು ಅತ್ತಿತು. ಆ ಮನೆತನದ ಕಟ್ಟಳೆ ಒಂದೇ: ಹಾಕಿದವಳು ಇನ್ನು ಮುಂದೆ ಅವನನ್ನು ತನ್ನ ಮಗ ಅನ್ನಬಾರದು. ಅಂದರೆ ಕೊಟ್ಟದ್ದು ಮುರಿಯಿತು. ಕಾಗದ ಪತ್ರ ಯಾವುದೂ ಇಲ್ಲ. ಅಂಗನವಾಡಿಯವಳಿಗೂ ಸಾಲೆಯ ಮಾಸ್ತರಿಗೂ ತಾಯಿ ದ್ರೌಪದಿ ಎಂದು ಹೇಳಿದರು, ಅವರು ಹಾಗೇ ಬರೆದುಕೊಂಡರು. ಊರಿಗೆಲ್ಲ ಗೊತ್ತಿದ್ದದ್ದನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹುಡುಗ ದ್ರೌಪದಿಯನ್ನು ಯವ್ವಾ ಅಂದ, ಕಾಜಲಳನ್ನು ಕಾಕು ಅಂದ, ಚಿಕ್ಕಪ್ಪನ ಹೆಂಡತಿಯನ್ನು ಎಲ್ಲರೂ ಅನ್ನುವ ಹಾಗೆ.

ಕಾಜಲ ಎದೆಗೆ ಬಟ್ಟೆ ಬಿಗಿದು ಹಾಲು ಆರಿಸಿಕೊಂಡಳು. ಮನೆಯಲ್ಲಿ ಎತ್ತಿಕೊಳ್ಳುವ ಕೂಸು ಇರಲಿಲ್ಲವಾದ್ದರಿಂದ ಸೊಲ್ಲಾಪುರದಾಚೆ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಗೆ ಹೋಗತೊಡಗಿದಳು. ಮೊದಲು ಮಡಿಸುವ ಟೇಬಲ್ಲು, ಆಮೇಲೆ ಚೆಕಿಂಗ್, ಎರಡು ವರ್ಷದ ಹಿಂದೆ ಚೆಕಿಂಗ್ ಲೈನಿನ ಸೂಪರ್ವೈಸರ್. ಸ್ಟಾಫ್ ಎಂದು ಬರೆದ ಗುರುತಿನ ಚೀಟಿ ಸಿಕ್ಕಿತು. ಆಕಾಶನ ಟೆಂಪೊಗೆ ಬಾಡಿಗೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಎರಡೂ ಮನೆಗಳ ಒಲೆ ತಿಂಗಳೂ ತಪ್ಪದೆ ಉರಿಯುತ್ತಿದ್ದುದು ಅವಳ ಪಗಾರದಿಂದ. ಕೊಟ್ಟ ಗಂಡಿನ ಬದಲಿಗೆ ಇನ್ನೊಂದು ಗಂಡು ಬೇಕು ಎಂದು ಎಲ್ಲರೂ ಅಂದರು. ಹುಟ್ಟಿದ್ದು ಹೆಣ್ಣು. ಆ ಮೇಲೆ ಯಾರೂ ಏನೂ ಅನ್ನಲಿಲ್ಲ.

ಕಂಪನಿಗೆ ಯಾರು ಹೇಳಿದರು ಎಂದು ಹುಡುಕಬೇಕಾಗಲಿಲ್ಲ. ಲೈನಿನಲ್ಲಿ ಅವಳ ಕೈಕೆಳಗೆ ದುಡಿಯುವ ಸುವರ್ಣಾ ತಾನೇ ಫೋನು ಮಾಡಿದಳು. ಕೂಸಿನ ತೊಟ್ಟಿಲ ಕಾರ್ಯಕ್ಕೆ ಸೊಲ್ಲಾಪುರದಿಂದ ಅವಳು ಬಂದಿದ್ದಳು. ಬಂದವರಿಗೆಲ್ಲ ಸುಗಲಾಬಾಯಿ ಊಟ ಬಡಿಸುತ್ತ ಹೇಳುವ ಮಾತು ಒಂದೇ: ನನ್ನ ಸಣ್ಣ ಸೊಸಿ ಹುಲಿಯಂಥ ಗಂಡುಮಗನ್ನ ಎತ್ತಿ ನೆಗೆಣ್ಣಿ ಉಡಿಗೆ ಹಾಕ್ಯಾಳ, ಹಿಂತಾ ಗುಣ ಯಾರಿಗೆ ಬರ್ತೈತಿ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೆಮ್ಮೆ ಇರಲಿಲ್ಲ. ಅದನ್ನು ಬಚ್ಚಿಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಕಾಜಲಳಿಗೂ ಕೂಡ. ಸುವರ್ಣಾ ಅದನ್ನೇ ಕಂಪನಿ ಬಸ್ಸಿನಲ್ಲಿ ಹೊಗಳಿ ಹೇಳಿದಳು. ಬಸ್ಸಿನಲ್ಲಿದ್ದ ಯಾರೋ ಲೆಕ್ಕ ಹಾಕಿದರು.

ಸುವರ್ಣಾ ಫೋನಿನಲ್ಲಿ ಅತ್ತಳು. ತಾನು ಛಲೋದಕ್ಕೇ ಹೇಳಿದ್ದು ಎಂದು ಮತ್ತೆ ಮತ್ತೆ ಅಂದಳು. ಕಾಜಲಳಿಗೆ ಸಿಟ್ಟು ಮಾಡುವಷ್ಟು ತ್ರಾಣವಿರಲಿಲ್ಲ. ಆಗಲಿ ಬಿಡು, ಕೂಸು ಎದ್ದೈತಿ ಎಂದು ಫೋನು ಇಟ್ಟಳು. ಕೂಸು ಎದ್ದಿರಲಿಲ್ಲ.

ಸೋಮವಾರ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಆಕಾಶ ಅಕ್ಕಲಕೋಟದವರೆಗೆ ಬೈಕಿನಲ್ಲಿ ಬಿಟ್ಟ. ಅವನಿಗೆ ದುಧನಿಗೆ ತೊಗರಿ ಹೇರುವ ಬಾಡಿಗೆ ಇತ್ತು. ಅಲ್ಲಿಂದ ಎಸ್‌ಟಿ ಬಸ್ಸು, ಸೊಲ್ಲಾಪುರದಿಂದ ಚಿಂಚೋಳಿಗೆ ಇನ್ನೊಂದು. ಬಸ್ಸಿನ ಕುಲುಕಿಗೆ ಸೊಂಟ ಹಿಡಿದುಕೊಂಡಿತು. ಕೂಸು ಮೋಹೋಳ ರಸ್ತೆಗೆ ಬರುವ ತನಕ ಅತ್ತು, ಗೇಟಿನ ಮುಂದೆ ಮಲಗಿತು. ವಾಚಮನ್ ಅವಳ ಚೀಟಿ ನೋಡಿ, ಗುರುತಿದ್ದರೂ, ಭೇಟಿಗೆ ಬಂದವರ ಪಾಸು ಬರೆದುಕೊಟ್ಟ.

ಆಫೀಸಿನಲ್ಲಿ ಸೊಲ್ಲಾಪುರದಿಂದ ಕರೆಸಿದ ಒಬ್ಬ ವಯಸ್ಸಾದ ವಕೀಲರಿದ್ದರು, ವಿಚಾರಣೆ ಅವರದು. ಪಕ್ಕದಲ್ಲಿ ಎಚ್‌ಆರ್‌ನ ಶೈಲಶ್ರೀ ಮೇಡಂ. ಮೇಡಂ ಅಕ್ಕಲಕೋಟದವರು, ಸಿಟ್ಟು ಬಂದರೆ ಮರಾಠಿ, ಇಲ್ಲದಿದ್ದರೆ ಕನ್ನಡ. ಅವತ್ತು ಕನ್ನಡವಿತ್ತು. ವಕೀಲರು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಕಾಜಲ ಇದ್ದದ್ದು ಇದ್ದಂತೆ ಹೇಳಿದಳು. ಹೆತ್ತದ್ದು ನಾನೇ, ದೇವರ ಮುಂದೆ ಕೊಟ್ಟಿದ್ದೇನೆ, ಅದಕ್ಕೆ ಎಣಿಸಲಿಲ್ಲ. ವಕೀಲರು ದತ್ತಕದ ಕಾಗದ ಕೇಳಿದರು. ಇಲ್ಲ ಎಂದಳು. ಫೋಟೊ? ಇಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

"ಕಾಜಲ, ಹೆಣ್ಣ ಕೊಟ್ಟೀನಿ ಅಂದಿದ್ರ ನಾ ನಂಬತಿದ್ನಿ," ಎಂದರು ಶೈಲಶ್ರೀ ಮೇಡಂ. "ಗಂಡು ಮಗನ್ನ ಯಾರರೆ ಕೊಡ್ತಾರೇನ? ಮತ್ತ ಗಂಡು ಬೇಕಂತ ಮೂರನೇದು ಹಡೀತಾರೇನ? ಒಂದ ಅಂಗಳದಾಗ ಅದಾನ. ನಿನ್ನ ಪಗಾರದಾಗ ಅವನ ಸಾಲಿ ನಡದೈತಿ. ಕೊಟ್ಟದ್ದ ಎಲ್ಲಿಗಿ?"

"ನಮ್ಮಲ್ಲಿ ಹಂಗ ಐತ್ರಿ ಮೇಡಂ."

"ನಿಮ್ಮಲ್ಲಿ ಐತಿ. ಕಾಯ್ದೆದಾಗ ಇಲ್ಲ."

ಕಾಜಲ ಕೂಸನ್ನು ಸೆರಗಿನೊಳಗೆ ಸರಿಸಿಕೊಂಡಳು. ಅವಳಿಗೆ ವಾದಿಸಲು ಬೇಕಾದ ಮಾತು ಇತ್ತು; ಅದನ್ನು ಜೋಡಿಸುವಷ್ಟು ನಿದ್ದೆ ಆಗಿರಲಿಲ್ಲ. ಎದೆ ತುಂಬಿ ಕುಪ್ಪಸ ಒದ್ದೆಯಾಗಿತ್ತು. ವಕೀಲರು ಬೇರೆ ಕಡೆ ನೋಡಿದರು.

ಅವರು ಚಹಾಕ್ಕೆ ಎದ್ದ ಮೇಲೆ ಮೇಡಂ ದಾರಿ ಹೇಳಿದರು. ಆಕೆ ಕೆಟ್ಟವಳಲ್ಲ, ತನ್ನ ಫೈಲು ಮುಚ್ಚಬೇಕಿತ್ತು ಅಷ್ಟೆ. ಕಾಜಲ ಸ್ವಂತ ಕೈಯಲ್ಲಿ ಬರೆದುಕೊಡಬೇಕು: ಅಮೋಗಸಿದ್ಧ ನನ್ನ ಮಗ, ಅರ್ಜಿಯಲ್ಲಿ ಮುಚ್ಚಿಟ್ಟದ್ದು ನನ್ನ ತಪ್ಪು, ಕ್ಷಮಿಸಿ. ಆಗ ಮೂರು ತಿಂಗಳ ರಜೆ ಎಂದು ಹಿಡಿದು, ಉಳಿದ ದಿನಗಳ ಪಗಾರ ಮುರಿದುಕೊಂಡು, ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಡುತ್ತಾರೆ. ಸೂಪರ್ವೈಸರ್ ಕೆಲಸ ಹೋಗುತ್ತದೆ, ಮಡಿಸುವ ಟೇಬಲ್ಲಿಗೆ ಹೋಗಬೇಕು, ಆದರೆ ನೌಕರಿ ಇರುತ್ತದೆ. ಬರೆಯದಿದ್ದರೆ ಸುಳ್ಳು ಹೇಳಿ ಈಗಲೂ ಒಪ್ಪದವಳು ಎಂದಾಗಿ ಮನೆಗೆ ಕಳಿಸುತ್ತಾರೆ. ಬಾಣಂತಿ ಎಂದು ನೋಡುವುದಿಲ್ಲ. ಇಂಥ ತಪ್ಪಿಗೆ ಆ ರಕ್ಷಣೆ ಸಿಗುವುದಿಲ್ಲ ಎಂದು ವಕೀಲರೇ ಹೇಳಿದ್ದಾರೆ. ಗುರುವಾರದ ತನಕ ಸಮಯ.

"ನನ್ನ ಮಗ ಅಂತ ಬರಿಯೂದ ಬ್ಯಾಡ್ರಿ," ಎಂದು ಕಾಜಲ ಕೇಳಿದಳು. "ನಾ ಹಡದಾಂವ ಅಂತ ಬರೀತೀನಿ. ನಡೀತೈತೇನ್ರಿ?"

ಮೇಡಂ ಅವಳನ್ನು ನೋಡಿದರು. ಇದರಲ್ಲೇನೋ ಚಾಲಾಕಿ ಇದೆ ಎಂದು ಅವರಿಗೆ ಅನ್ನಿಸಿರಬೇಕು. ಮರಾಠಿಯಲ್ಲಿ, ಹೇಳಿದಂತೆ ಬರೆದರೆ ಮಾತ್ರ ಎಂದರು.

ಮನೆಯಲ್ಲಿ ಆಕಾಶನಿಗೆ ಇದು ಒಂದು ಸಮಸ್ಯೆ ಎಂದೇ ಕಾಣಲಿಲ್ಲ. ಕಾರ್ಖಾನೆಯ ಕಪಾಟಿನಲ್ಲಿ ಬಿದ್ದಿರುವ ಕಾಗದ ತಡವಳಕ್ಕೆ ನಡೆದುಕೊಂಡು ಬರುತ್ತದೆಯೇ ಎಂದ. ತಾಯಿ ಆಣೆಯ ಮಾತು ಎತ್ತುವ ಮೊದಲೇ ತಾನೇ ಬಿರೋಬನನ್ನು ಮುಂದೆ ತಂದ.

"ನೀ ಆಣಿ ಮಾಡಿದ್ದು ಕನ್ನಡದಾಗ. ಅಲ್ಲಿ ಬರಿಯೂದು ಮರಾಠಿದಾಗ. ಬಿರಪ್ಪಗ ಮರಾಠಿ ಎಲ್ಲಿ ಬರ್ತೈತಿ?"

ಸುಗಲಾಬಾಯಿ ಅಂಗಳದಿಂದಲೇ ಉತ್ತರ ಕೊಟ್ಟಳು. "ಅಂವಾ ಪಂಢರಪುರದ ಮಟಾ ಕುರಿ ಕಾಯ್ದಾಂವ. ನಿನಕಿಂತ ಛಲೋ ಬರ್ತೈತಿ."

ಅಷ್ಟಕ್ಕೆ ಎಲ್ಲರೂ ಸ್ವಲ್ಪ ನಕ್ಕರು. ಅತ್ತೆ ಬರೆಯಬೇಡ ಎಂದು ಮಾತ್ರ ಹೇಳಲಿಲ್ಲ. ಅವಳ ಕಣ್ಣಿಗೆ ಮೋತಿಬಿಂದು ಬಂದಿತ್ತು. ಆಪರೇಷನ್ನು, ಕಾಜಲ ಸೂಟಿ ಮುಗಿಸಿ ಕೆಲಸಕ್ಕೆ ಹೋಗಿ ಪಗಾರ ಬಂದ ಮೇಲೆ ಎಂದು ಗೊತ್ತು ಮಾಡಿದ್ದರು. ತಾನು ತೊಟ್ಟಿಲಿನ ದಿನ ಹೇಳಿದ ಮಾತಿನಿಂದ ಇಷ್ಟಾಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ.

ದ್ರೌಪದಿ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಸಂಜೆ ಕೂಸಿಗೆ ಎರೆಯುವಾಗ ನೀರು ಹಾಕಲು ಬಂದಳು, ದಿನಾ ಬರುವ ಹಾಗೆ. ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿದಳು. ಕಾಜಲ ನೌಕರಿಗೆ ಹೋದ ಮೇಲೆ ಈ ಕೂಸನ್ನು ನೋಡಿಕೊಳ್ಳುವವಳು ದ್ರೌಪದಿಯೇ. ಅದು ಬಸುರಿದ್ದಾಗಲೇ ಆದ ಮಾತು.

"ನಿನ್ನ ನೌಕರಿ ಉಳೀಬೇಕು," ಎಂದಳು ದ್ರೌಪದಿ. "ಇಲ್ಲಂದ್ರ ನಾವ ಎಲ್ಲಾರೂ ಬೀಳ್ತೀವಿ. ನನಗ ತಿಳೀತೈತಿ."

"ಹೂಂ."

"ಆದ್ರ ಅದನ್ನ ಬರೀಬ್ಯಾಡ."

"ಎರಡೂ ಹೆಂಗ ಆಗ್ತೈತಿ ಯಕ್ಕಾ?"

ದ್ರೌಪದಿ ಕೂಸನ್ನು ಬೋರಲು ಹಾಕಿ ಬೆನ್ನಿಗೆ ನೀರು ಹಾಕಿದಳು. "ನನಗೇನ ಗೊತ್ತು. ನೀ ಕಲತಾಕಿ."

ಕಾಜಲ ಹನ್ನೆರಡನೇ ಇಯತ್ತೆ ಓದಿದ್ದಳು.

ಗುರುವಾರ ಅವಳು ಬರೆದುಕೊಟ್ಟಳು. ಬಸ್ಸಿನಲ್ಲಿ ಕೂತಾಗ ಇನ್ನೂ ನಿರ್ಣಯ ಆಗಿರಲಿಲ್ಲ ಎಂದು ಆಮೇಲೆ ಹೇಳಬಹುದಿತ್ತು, ಆದರೆ ಆಗಿತ್ತು. ಮೇಡಂ ಬಿಳಿ ಹಾಳೆ ಕೊಟ್ಟು ಒಂದೊಂದೇ ವಾಕ್ಯ ಹೇಳಿದರು. ಅಮೋಗಸಿದ್ಧ ಹಾ ಮಾಝಾ ಮುಲಗಾ ಆಹೇ. ಅಮೋಗಸಿದ್ಧ ನನ್ನ ಮಗ. ಆರು ವರ್ಷ ಬಾಯಿಂದ ಬರದ ಮಾತು ಕೈಯಿಂದ ಬರುವಾಗ ಏನಾದರೂ ಆಗಬಹುದು ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಪೆನ್ನು ಸರಿಯಾಗಿ ಹರಿಯುತ್ತಿರಲಿಲ್ಲ, ಮುಲಗಾ ಎಂಬುದನ್ನು ಎರಡು ಸಲ ತಿದ್ದಬೇಕಾಯಿತು, ಅಷ್ಟೆ. ವಕೀಲರು ಸಾಕ್ಷಿ ಎಂದು ಸಹಿ ಹಾಕಿದರು. ಮುಂದಿನ ಸೋಮವಾರದ ನಂತರದ ಸೋಮವಾರ ಹಾಜರಾಗಬೇಕು, ಒಂದು ದಿನ ತಪ್ಪಿದರೂ ಎಲ್ಲ ರದ್ದು ಎಂದು ಮೇಡಂ ಹೇಳಿದರು. ಹೊರಗೆ ಬರುವಾಗ ಚೆಕಿಂಗ್ ಲೈನಿನ ಹುಡುಗಿಯರು ಕಿಟಕಿಯಿಂದ ಕೈ ಬೀಸಿದರು. ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಮನೆಗೆ ಬಂದಾಗ ದ್ರೌಪದಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಮುಖ ಎತ್ತದೆ, ಬರದಿ? ಎಂದು ಕೇಳಿದಳು. ಬರದೀನಿ ಎಂದಳು ಕಾಜಲ. ಏನಂತ ಎಂದು ದ್ರೌಪದಿ ಕೇಳಿದಳು. ಕಾಜಲ ಹೇಳಿದಳು, ಪೂರ್ತಿ ಅಲ್ಲ, ಮಗ ಎಂಬ ಶಬ್ದ ಬಿಟ್ಟು. ಆದರೆ ದ್ರೌಪದಿ ಆ ಶಬ್ದವನ್ನೇ ಕೇಳಿದಳು, ಇತ್ತೋ ಇಲ್ಲವೋ ಎಂದು. ಇತ್ತು ಎಂದು ಒಪ್ಪಿಕೊಳ್ಳಬೇಕಾಯಿತು. ದ್ರೌಪದಿ ಜೋಳ ಹಸನು ಮಾಡಿ ಮುಗಿಸಿದಳು.

ಜಗಳವಾಗಲಿಲ್ಲ. ಬೆಳಗ್ಗೆ ದ್ರೌಪದಿ ಹುಡುಗನಿಗೆ ಎರೆದು, ಸಾಲೆಯ ಅಂಗಿ ತೊಡಿಸಿ, ಉಳಿದ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ, ಅಂಗಳ ದಾಟಿಸಿ ಕಾಜಲಳ ಬಾಗಿಲಿಗೆ ತಂದು ನಿಲ್ಲಿಸಿದಳು.

"ಹೋಗು. ನಿಮ್ಮವ್ವನ ಮನಿ ಇದ."

ಅಮೋಗಿ ಚೇಷ್ಟೆ ಎಂದುಕೊಂಡು ನಕ್ಕ. ದ್ರೌಪದಿ ಇನ್ನೊಂದು ಚೀಲ ಹಿಡಿದು ರಸ್ತೆಗೆ ನಡೆದದ್ದನ್ನು ನೋಡಿದ ಮೇಲೆ ನಗುವುದನ್ನು ಬಿಟ್ಟ. ಅವಳು ದುಧನಿಯ ತವರಿಗೆ ಹೋಗುವ ಬಸ್ಸು ಹತ್ತಿದಳು. ಸುಗಲಾಬಾಯಿ ಹಿಂದೆ ಕೂಗುತ್ತ ಹೋಗಿ, ಕಣ್ಣು ಕಾಣದೆ, ಬೇಲಿಯ ಬಳಿ ನಿಂತಳು.

ಆಮೇಲಿನ ದಿನಗಳನ್ನು ಕಾಜಲ ಒಂದೊಂದಾಗಿ ನೆನಪಿಟ್ಟುಕೊಳ್ಳಲಿಲ್ಲ. ಹುಡುಗ ಅವಳ ರೊಟ್ಟಿ ಉಪ್ಪಾಗಿದೆ ಎಂದ. ಪ್ರಾಜಕ್ತಾಳ ಹಾಸಿಗೆಯಲ್ಲಿ ಮಲಗಿ ಅವಳನ್ನು ಒದ್ದ. ಅವನಿಗೆ ತುರಿಕೆಯ ಮುಲಾಮು ಹಚ್ಚಬೇಕು ಎಂಬುದು ಕಾಜಲಳಿಗೆ ಗೊತ್ತಿರಲಿಲ್ಲ. ಅವನು ಕೆರೆದು ಕೆರೆದು ರಕ್ತ ಬಂದ ಮೇಲೆ ತಿಳಿಯಿತು. ಯಾವ ಮುಲಾಮು ಎಂದು ಕೇಳಿದರೆ ಯವ್ವಗ ಗೊತ್ತು ಎಂದ. ಕೂಸಿಗೆ ನೆಗಡಿಯಾಯಿತು. ಅತ್ತೆಯ ಕೈಗೆ ಕೂಸು ಕೊಟ್ಟು ಒಂದು ದಿನ ನೋಡಿದರು. ಸುಗಲಾಬಾಯಿ ಬಿಸಿ ಹಾಲಿನ ಬಟ್ಟಲು ಎಲ್ಲಿದೆ ಎಂದು ತಡಕಿ ಕೈ ಸುಟ್ಟುಕೊಂಡಳು. ಆಕಾಶ ಅಕ್ಕಲಕೋಟದಲ್ಲಿ ಕೂಸು ನೋಡಿಕೊಳ್ಳುವವರು ಸಿಗುತ್ತಾರೇನೋ ವಿಚಾರಿಸಿ ಬಂದು, ಸಿಗುತ್ತಾರೆ ಎಂದ. ಅವರಿಗೆ ಕೊಡಬೇಕಾದ್ದು ಕೇಳಿದ ಮೇಲೆ ಇಬ್ಬರೂ ಆ ಮಾತು ಬಿಟ್ಟರು.

ಹುಡುಗ ಸಾಲೆ ಬಿಟ್ಟ ಮೇಲೆ ಮನೆಗೆ ಬರುತ್ತಿರಲಿಲ್ಲ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ದುಧನಿ ಬಸ್ಸಿಗೆ ಕಾಯುತ್ತ ಕೂರುತ್ತಿದ್ದ. ಕಾಜಲ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಬಸ್ಸು ಬರುತ್ತಿತ್ತು, ಇಳಿಯುವವರು ಇಳಿಯುತ್ತಿದ್ದರು.

"ಕಾಕು, ನೀ ಏನರೆ ಅಂದೆನ ನಮ್ಮವ್ವಗ?" ಎಂದು ಅವನು ಒಂದು ಸಂಜೆ ಕೇಳಿದ.

"ಅಂದಿಲ್ಲ."

"ಮತ್ಯಾಕ ಹೋಗ್ಯಾಳ?"

ಅವಳಿಗೆ ಹೇಳಲು ಒಂದೇ ಸತ್ಯವಿತ್ತು, ಅದು ಅವನಿಗೆ ಬೇಕಾದ್ದಾಗಿರಲಿಲ್ಲ. ಆ ಹುಡುಗನ ಮೂಗು ಅವಳದು, ಕಿವಿ ಆಕಾಶನದು, ಕುಳಿತ ಭಂಗಿ ಮಾತ್ರ ಪೂರ್ತಿ ದ್ರೌಪದಿಯದು. ಮೊಣಕಾಲಿನ ಮೇಲೆ ಗದ್ದ ಇಟ್ಟು, ಯಾರನ್ನೂ ನೋಡದೆ. ಕಾಜಲ ಇಷ್ಟು ವರ್ಷ, ಬಾಯಿ ಮುಚ್ಚಿಕೊಂಡಿರುವುದೇ ತಾನು ಮಾಡುತ್ತಿರುವ ದೊಡ್ಡ ತ್ಯಾಗ ಎಂದುಕೊಂಡಿದ್ದಳು. ಬಾಯಿ ತೆರೆದರೆ ಅವನು ಬರುತ್ತಾನೆ ಎಂಬುದು ಅದರೊಳಗೆ ಎಲ್ಲೋ ಇತ್ತು. ಈಗ ತೆರೆದಾಗಿತ್ತು. ಅವನು ಬಂದಿರಲಿಲ್ಲ, ಅವನ ಚೀಲ ಬಂದಿತ್ತು.

ಹಾಜರಾಗುವ ಸೋಮವಾರಕ್ಕೆ ನಾಲ್ಕು ದಿನ ಇರುವಾಗ ಅವಳು ಕೂಸನ್ನು ಕಟ್ಟಿಕೊಂಡು ದುಧನಿಗೆ ಹೋದಳು. ದ್ರೌಪದಿಯ ತವರು ರೇಲ್ವೆ ಸ್ಟೇಷನ್ನಿನ ಹಿಂದೆ. ಅವಳ ತಮ್ಮನ ಹೆಂಡತಿ ನೀರು ಕೊಟ್ಟು ಒಳಗೆ ಹೋದಳು. ದ್ರೌಪದಿ ಹೊರಗಿನ ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದಳು. ಮೊದಲು ಕೇಳಿದ್ದು ಮುಲಾಮಿನ ಬಗ್ಗೆ.

"ಹಚ್ಚಿದೇನ?"

"ಯಾವ್ದಂತ ಗೊತ್ತಿಲ್ಲ. ರಕ್ತ ಬಂದೈತಿ."

ದ್ರೌಪದಿಯ ಕೈ ನಿಂತಿತು. ಒಳಗೆ ಹೋಗಿ ತನ್ನ ಚೀಲದಿಂದ ಟ್ಯೂಬು ತಂದು ಕಾಜಲಳ ಮುಂದಿಟ್ಟಳು. ಬೇಕೆಂದೇ ತಂದದ್ದೋ ಮರೆತು ತಂದದ್ದೋ ಹೇಳಲಿಲ್ಲ.

ನಾನು ಬರೆದದ್ದು ನೌಕರಿಗೆ ಮಾತ್ರ, ಹುಡುಗ ನಿನ್ನವನೇ, ಅವನು ನಿನ್ನ ದಾರಿ ಕಾಯುತ್ತ ಬಸ್ ಸ್ಟಾಪಿನಲ್ಲಿ ಕೂರುತ್ತಾನೆ, ನಡೆ ಎಂದು ಕಾಜಲ ಹೇಳಿದಳು. ಬಿರೋಬನ ಗುಡಿಗೆ ಮತ್ತೆ ಹೋಗೋಣ, ಮತ್ತೆ ಉಡಿಗೆ ಹಾಕುತ್ತೇನೆ ಎಂದಳು. ಇದನ್ನೆಲ್ಲ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದಳು. ದ್ರೌಪದಿ ಪೂರ್ತಿ ಕೇಳಿಸಿಕೊಂಡಳು.

"ಬಾಯಿಮಾತು ಇಷ್ಟು ದಿನ ಸಾಕಾಗಿತ್ತು. ನೀ ಕಾಗದ ಮಾಡಿದಿ. ಈಗ ನನಗೂ ಕಾಗದ ಬೇಕು."

"ಯಾವ ಕಾಗದ?"

"ದತ್ತಕದ್ದು. ಅಕ್ಕಲಕೋಟದಾಗ ರಜಿಸ್ಟ್ರಿ ಮಾಡ್ಸೂದು. ನಮ್ಮ ತಮ್ಮ ಕೇಳ್ಕೊಂಡ ಬಂದಾನ. ನೀನೂ ಆಕಾಶನೂ ಸೈ ಹಾಕ್ಬೇಕು, ನಾನೂ ನಮ್ಮ ಮನಿಯವರೂ ಹಾಕ್ಬೇಕು. ಆಮ್ಯಾಲ ನೀ ಎಲ್ಲೇರೆ ಏನರೆ ಬರಕೋ, ನಾ ಕೇಳಂಗಿಲ್ಲ."

ಕಾಜಲ ಕೂಸನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದಳು. ಗುಡಿಯಲ್ಲಿ ಕೊಟ್ಟದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಗುಡಿಯಲ್ಲಿ ಕೊಟ್ಟದ್ದನ್ನು ಅವಳೊಬ್ಬಳು ಪ್ರತಿದಿನ ಮತ್ತೆ ಕೊಡುತ್ತಿದ್ದಳು, ಬಾಯಿ ಮುಚ್ಚಿಕೊಂಡು. ಇನ್ನು ಮೇಲೆ ಅದರ ಅಗತ್ಯವಿರುವುದಿಲ್ಲ. ಅವಳು ಏನು ಅಂದರೂ ಅನ್ನದಿದ್ದರೂ ಒಂದೇ.

"ಮಾಡದಿದ್ರ?"

"ಮಾಡದಿದ್ರ ನಾ ಇಲ್ಲೇ ಇರ್ತೀನಿ. ನೀನ ಅವನ ತಾಯಿ. ನೋಡ್ಕೊ." ದ್ರೌಪದಿ ಕೂಸಿನತ್ತ ನೋಡಿದಳು. ಅದರ ಮೂಗು ಸೋರುತ್ತಿತ್ತು. ತನ್ನ ಸೆರಗಿನಿಂದ ಒರೆಸಿದಳು. "ಇದನ್ನೂ ನೋಡ್ಕೊ."

ಇದು ಬೆದರಿಕೆ ಎಂದು ಕಾಜಲಳಿಗೆ ಅನ್ನಿಸಲಿಲ್ಲ. ಮೇಡಂ ಹೇಳಿದ್ದೂ ಬೆದರಿಕೆಯಲ್ಲ. ಎಲ್ಲರೂ ಅವಳಿಗೆ ದಾರಿಯನ್ನೇ ತೋರಿಸಿದ್ದರು. ಅವಳು ನಾಳೆ ಶುಕ್ರವಾರ, ಆಫೀಸು ತೆರೆದಿರುತ್ತದೆ ಎಂದಳು.

ಶುಕ್ರವಾರ ರೇವಣ್ಣನೂ ಬಂದ. ಕುರಿಗಳನ್ನು ಜೊತೆಗಾರರಿಗೆ ಒಪ್ಪಿಸಿ ನಸುಕಿಗೆ ಹೊರಟು ಬಂದವನ ಕಂಬಳಿಯಿಂದ ಕುರಿಯ ವಾಸನೆ ಹೊಡೆಯುತ್ತಿತ್ತು. ಆಫೀಸಿನ ಹೊರಗೆ ಕಾಗದ ಬರೆಯುವವನು ಎಲ್ಲರ ಆಧಾರ್ ತೆಗೆದುಕೊಂಡ. ಸಾಲಿನಲ್ಲಿ ಹೊಲ ಮಾರುವವರೂ ಕೊಳ್ಳುವವರೂ ಇದ್ದರು. ಅವರ ನಡುವೆ ಇವರ ಸರದಿ ಬರಲು ಮಧ್ಯಾಹ್ನವಾಯಿತು. ಅಮೋಗಿ ದ್ರೌಪದಿಯ ಸೊಂಟಕ್ಕೆ ಅಂಟಿಕೊಂಡಿದ್ದ, ಅವಳು ಬಚ್ಚಲಿಗೆ ಹೋದರೂ ಹಿಂದೆ ಹೋಗಿ ಬಾಗಿಲಿಗೆ ನಿಲ್ಲುತ್ತಿದ್ದ. ಆಕಾಶ ಹೊರಗೆ ತಂಬಾಕು ತಿಕ್ಕುತ್ತ ಯಾರೊಂದಿಗೋ ಉಳ್ಳಾಗಡ್ಡಿಯ ಧಾರಣೆಯ ಮಾತಾಡುತ್ತಿದ್ದ. ಅವನ ದನಿ ದಿನಕ್ಕಿಂತ ದೊಡ್ಡದಾಗಿತ್ತು.

ರೇವಣ್ಣ ಕಾಜಲಳ ಬಳಿ ಬಂದು ನಿಂತ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವ ರೂಢಿ ಅವನಿಗಿರಲಿಲ್ಲ, ಗೋಡೆಗೆ ಮಾತಾಡಿದ.

"ಆಕಿಗಿ ಅಂಜಿಕಿ ಭಾಳ, ಅವ್ವ. ಮೊದಲಿಂದೂ."

"ಹೂಂರಿ."

"ನಿನ ಮ್ಯಾಲ ಸಿಟ್ಟಿಲ್ಲ."

ಅವಳು ಮತ್ತೆ ಹೂಂ ಎಂದಳು. ಅವನು ಕಂಬಳಿ ಸರಿಮಾಡಿಕೊಂಡು ಹೋದ.

ಒಳಗೆ ಅಧಿಕಾರಿ ಕಾಗದ ಓದಿ, ಸ್ವಂತ ಖುಷಿಯಿಂದ ಕೊಡುತ್ತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದ. ಮೊದಲು ಆಕಾಶ ಹೌದೆಂದ. ಕಾಜಲಳಿಗೆ, ಖುಷಿ ಇದೆಯೇ ಎಂದು ಯಾರೋ ತನ್ನನ್ನು ನೇರವಾಗಿ ಕೇಳುತ್ತಿರುವುದು ಇದೇ ಮೊದಲು ಎಂದು ಹೊಳೆಯಿತು, ಉತ್ತರ ಬೇರೆ ಇರಲಿಲ್ಲ. ಹೌದೆಂದಳು. ಬೆರಳು ಯಂತ್ರದ ಮೇಲೆ ಇಟ್ಟಳು. ಬಾಣಂತನದಲ್ಲಿ ಬಟ್ಟೆ ಒಗೆದು ಒಗೆದು ಗುರುತು ಸವೆದಿತ್ತೋ ಏನೋ, ಬೇಗ ಹಿಡಿಯಲಿಲ್ಲ. ಒರೆಸಿ ಮತ್ತೆ ಇಡಿ ಎಂದ. ಕ್ಯಾಮರಾದ ಮುಂದೆ ನಿಲ್ಲಿ ಎಂದ. ದ್ರೌಪದಿ ಹುಡುಗನ ಕೂದಲು ಕೈಯಿಂದ ತೀಡಿದಳು. ಹೊರಗೆ ಬಂದ ಮೇಲೆ ಅವಳು ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು, ಎಲ್ಲರಿಗೂ ಭಜಿ ತರಿಸಿದಳು. ಕಾಜಲ ತಿಂದಳು. ಹಸಿವಾಗಿತ್ತು.

ಸೋಮವಾರ ಬೆಳಗ್ಗೆ ಆಕಾಶ ಬೈಕು ಶುರು ಮಾಡಿ ಅಂಗಳದಲ್ಲಿ ನಿಂತಿದ್ದ. ಕಾಜಲ ಕೂಸನ್ನು ದ್ರೌಪದಿಗೆ ಕೊಟ್ಟು, ಹಾಲು ಹಿಂಡಿಟ್ಟದ್ದು ಎಲ್ಲಿದೆ, ಎಷ್ಟು ಹೊತ್ತಿಗೆ ಕುಡಿಸಬೇಕು, ಮಲಗುವಾಗ ಯಾವ ಕಡೆ ತಿರುಗಿಸಬೇಕು ಎಂದು ಹೇಳತೊಡಗಿದಳು. ಕೂಸು ದ್ರೌಪದಿಯ ಬಳೆ ಹಿಡಿದುಕೊಂಡಿತು. ಅಮೋಗಿ ಒಳಗಿನಿಂದ ಯವ್ವಾ ಎಂದು ಕೂಗಿ, ಸಾಲೆಯ ಅಂಗಿ ಎಲ್ಲಿ ಎಂದು ಕೇಳಿದ. ಇಬ್ಬರೂ ತಿರುಗಿ ನೋಡಲಿಲ್ಲ. ಅವನು ಯಾರನ್ನು ಕೂಗಿದ ಎಂಬುದರಲ್ಲಿ ಸಂಶಯವಿರಲಿಲ್ಲ.

"ನನಗ ಹೇಳಬ್ಯಾಡ," ಎಂದಳು ದ್ರೌಪದಿ. "ಒಂದನ್ನ ಬೆಳಸೀನಿ ನಾ. ಹೋಗ, ಬಸ್ಸ ತಪ್ತೈತಿ."

ಕಾಜಲ ಬೈಕು ಹತ್ತಿದಳು. ಸೊಲ್ಲಾಪುರದಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಸುವರ್ಣಾ ಅವಳಿಗಾಗಿ ಕಿಟಕಿಯ ಸೀಟು ಹಿಡಿದಿದ್ದಳು. ಏನೋ ಹೇಳಲು ಬಾಯಿ ತೆಗೆದಳು. ಕಾಜಲ ತಲೆಯನ್ನು ಕಿಟಕಿಗೆ ಒರಗಿಸಿ, ಚಿಂಚೋಳಿ ಬಂದರೆ ಎಬ್ಬಿಸು ಎಂದು ಹೇಳಿ ಕಣ್ಣು ಮುಚ್ಚಿದಳು.